ನೂರು ಕ್ರೇಟ್ ಟೊಮೆಟೊಗೆ ಯಾವ ಪಿಕಪ್?

ಮುಳಬಾಗಿಲಿಂದ ಕೋಲಾರದ ಮಂಡಿಗೆ ನೂರು ಕ್ರೇಟ್ ಟೊಮೆಟೊ ಹಾಕೋಕೆ ಟಾಟಾ ಇಂಟ್ರಾ ವಿ50 ತಗೊಳ್ಳೋದಾ, ಬೊಲೆರೊ ಪಿಕಪ್ಪಾ ಅಂತ ಕೇಳಿದೀರಲ್ಲ ಸರ್, ಮೊದಲು ತೂಕದ ಲೆಕ್ಕ ಹಾಕಿ. ಕ್ರೇಟಿಗೆ 15 ಕೆಜಿ ಹಣ್ಣು, ಖಾಲಿ ಕ್ರೇಟ್ ಒಂದೂವರೆ ಕೆಜಿ ಅಂತ ಹಿಡಿದರೂ ಒಟ್ಟು 1,650 ಕೆಜಿ. ಇಂಟ್ರಾ ವಿ50 ಹೊರೋದು 1,500. ಬೊಲೆರೊ 1.7 ಟನ್ ಮಾಡೆಲ್ ಕಾಗದದ ಮೇಲೆ ಸಾಕಾಗುತ್ತೆ, ಆದರೆ ಪಕ್ಕದಲ್ಲಿ ಇಬ್ಬರು ಹಮಾಲಿಗಳು ಕೂತು, ಹಿಂದೆ ಕಬ್ಬಿಣದ ಗ್ರಿಲ್ ಕಟ್ಟಿಸಿದರೆ ಮಿಕ್ಕ 50 ಕೆಜಿ ಅಲ್ಲೇ ಮುಗೀತು. ನಿಮಗೆ ಬೇಕಿರೋದು 2 ಟನ್ ಗಾಡಿ. ಬೊಲೆರೊ ಮ್ಯಾಕ್ಸ್ ಎಚ್‌ಡಿ 2.0, ಇಲ್ಲಾ ಟಾಟಾ ಯೋಧಾ 2.0 ನೋಡಿ.

'ಎಲ್ಲರೂ ಓವರ್‌ಲೋಡ್ ಹೊಡೀತಾರೆ, ಹಿಂದಿನ ಸ್ಪ್ರಿಂಗಿಗೆ ಒಂದು ಪ್ಲೇಟ್ ಜಾಸ್ತಿ ಹಾಕಿಸಿ' ಅಂತ ಹೇಳೋರು ಸಿಗ್ತಾರೆ. ಪ್ಲೇಟ್ ಹಾಕಿಸಿದರೆ ಗಾಡಿ ಹಿಂದೆ ಕೂರಲ್ಲ, ನಿಜ. ಬ್ರೇಕು, ಆಕ್ಸಲ್ಲು, ಟೈರು ಮಾತ್ರ ಅವೇ ತಾನೇ? ಸಿಕ್ಕಿಬಿದ್ದರೆ ದಂಡ 20,000, ಮೇಲೆ ಹೆಚ್ಚುವರಿ ಟನ್ನಿಗೆ 2,000, ಜಾಸ್ತಿ ಇರೋ ಮಾಲನ್ನೂ ಇಳಿಸಬೇಕು. ಹೆದ್ದಾರಿ ಬದಿ ಬಿಸಿಲಲ್ಲಿ ಹಣ್ಣು ಇಳಿಸಿದರೆ ಆ ದಿನದ ರೇಟು ದೇವರಿಗೇ ಗೊತ್ತು.

ಎಂಬತ್ತು ಕ್ರೇಟ್ ಸಾಕು ಅಂದ್ರೆ ಇಂಟ್ರಾನೇ ತಗೊಳ್ಳಿ. ಅದರದು 1.5 ಲೀಟರ್ ಎಂಜಿನ್, ಬೊಲೆರೊದ್ದು 2.5, ಡೀಸೆಲ್‌ನಲ್ಲಿ ಉಳಿತಾಯ ಕಾಣುತ್ತೆ. ವಾಪಸ್ ಬರುವಾಗ ಬರೀ ಖಾಲಿ ಕ್ರೇಟ್ ಇದ್ರೆ ಬೊಲೆರೊ ಎತ್ತಿ ಎತ್ತಿ ಹಾಕುತ್ತೆ, ಅದನ್ನೂ ಸ್ವಲ್ಪ ಯೋಚಿಸಿ.

ಸೆಕೆಂಡ್ ಹ್ಯಾಂಡ್ ಆದರೆ ಮಾರೋನ ಬಾಯಿಮಾತು ಬೇಡ. ಆರ್‌ಸಿಯಲ್ಲಿ ಲೇಡನ್ ವೇಯ್ಟ್‌ನಿಂದ (ಲೋಡ್ ಸೇರಿದ ತೂಕ) ಅನ್‌ಲೇಡನ್ (ಖಾಲಿ ಗಾಡಿ ತೂಕ) ಕಳೆದು ನೋಡಿ, ಗಾಡಿ ಎಷ್ಟು ಹೊರುತ್ತೆ ಅಂತ ಗೊತ್ತಾಗುತ್ತೆ.