ಕಾಪುವಿನವರ ಟೆರೇಸ್ ಪ್ರಶ್ನೆಗೆ: ಬಿಳಿ ಕೋಟ್ ಈಗ ಬೇಡ, ಮೊದಲು ಪ್ಯಾರಪೆಟ್ ಬುಡ ನೋಡಿ

ಮಾರಾಯ್ರೆ, ಪೇಂಟಿನವನಿಗೆ ಅಡ್ವಾನ್ಸ್ ಕೊಟ್ಟಿಲ್ಲ ಅಂತಾದರೆ ಈಗಲೇ ಫೋನ್ ಮಾಡಿ ಕೆಲಸ ನಿಲ್ಲಿಸಲು ಹೇಳಿ. ಕೊಟ್ಟಿದ್ದರೂ ನಿಲ್ಲಿಸಿ. 1,100 ಚದರ ಅಡಿ ಟೆರೇಸ್, ಮಲಗುವ ಕೋಣೆಯ ಪಡುಬದಿಯ ಮೂಲೆಯಲ್ಲಿ ಒದ್ದೆ ಕಲೆ, ಮೊನ್ನೆ ಸಂಜೆ ಗುಡುಗು ಮಳೆ, ಇವತ್ತು ಒಳ್ಳೆ ಬಿಸಿಲು, ಹಾಗಾಗಿ ಈ ಶನಿವಾರ-ಭಾನುವಾರ ನೀರು ಸೋರದ ಹಾಗೆ ಬಿಳಿ ವಾಟರ್‌ಪ್ರೂಫ್ ಪೇಂಟ್ ಎರಡು ಕೋಟ್ ಹೊಡೆಸಿಬಿಡುತ್ತೇನೆ, ಯಾವ ಬ್ರ್ಯಾಂಡ್ ಒಳ್ಳೆಯದು ಅಂತ ಕೇಳಿದ್ದೀರಿ. ಕೆಳಗೆ ಉತ್ತರ ಕೊಟ್ಟವರೆಲ್ಲ ಬ್ರ್ಯಾಂಡ್ ಹೆಸರು ಹೇಳಿದ್ದೇ ಹೇಳಿದ್ದು. ಸ್ಲ್ಯಾಬ್ ಒಣಗಿದೆಯಾ ಅಂತ ಒಬ್ಬರೂ ಕೇಳಲಿಲ್ಲ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮೇಲೆ ಬೆಳ್ಳಗೆ ಕಂಡರೆ ಒಳಗೂ ಒಣಗಿದೆ ಅಂತಲ್ಲ. ಸ್ಲ್ಯಾಬಿನ ಮೇಲೆ ಸ್ಲೋಪಿಗೆ ಹಾಕಿದ ಗಾರೆ ಉಂಟಲ್ಲ, ನಿಮ್ಮದರಂಥ ಹದಿನಾಲ್ಕು ವರ್ಷದ ಮನೆಯಲ್ಲಿ ಅದು ಅಲ್ಲಲ್ಲಿ ಸ್ಲ್ಯಾಬಿನಿಂದ ಬಿಟ್ಟಿರುತ್ತದೆ. ಕೋಲಿನಿಂದ ತಟ್ಟಿ ನೋಡಿ, ಟೊಳ್ಳು ಸದ್ದು ಬಂದಲ್ಲೆಲ್ಲ ಅಡಿಯಲ್ಲಿ ನೀರು ಕೂತಿರುವ ಸಾಧ್ಯತೆ ಉಂಟು. ಅದರ ಮೇಲೆ ಕೋಟ್ ಹೊಡೆದರೆ ನೀರನ್ನು ಹೊರಗಿಟ್ಟ ಹಾಗಾಗುವುದಿಲ್ಲ, ಒಳಗೆ ಕೂಡಿಹಾಕಿದ ಹಾಗಾಗುತ್ತದೆ.

ಸುರತ್ಕಲ್‌ನಲ್ಲಿ ನನ್ನ ಭಾವನ ಮನೆಗೆ ಆದದ್ದು ಇದೇ. ಮೇ ತಿಂಗಳು, ಒಂದು ಮಳೆ ಬಿದ್ದಾಗಿತ್ತು, ಪತ್ತನಾಜೆಗೆ (ಮೇ ಕೊನೆಗೆ ಬರುವ, ಮಳೆಗಾಲದ ಹೊಸ್ತಿಲಿನ ತುಳುನಾಡಿನ ದಿನ) ಮೊದಲು ಮುಗಿಸಬೇಕೆಂಬ ಗಡಿಬಿಡಿ. ಕೆಲಸದವರು ಬೆಳಿಗ್ಗೆ ಪ್ರೆಶರ್ ವಾಷ್ ಮಾಡಿದರು, ಬಿಸಿಲು ಚೆನ್ನಾಗಿದೆ ಅಂತ ಮಧ್ಯಾಹ್ನವೇ ಪ್ರೈಮರ್ ಎಳೆದರು, ಮರುದಿನ ಎರಡು ಕೋಟ್. ನೋಡಲಿಕ್ಕೆ ಏನು ಚಂದ, ಕಣ್ಣು ಕುಕ್ಕುವ ಬಿಳಿ. ಆ ಮಳೆಗಾಲ ಆಟಿ ತಿಂಗಳವರೆಗೆ (ಜುಲೈ-ಆಗಸ್ಟ್) ಎಲ್ಲರಿಗೂ ಸಮಾಧಾನ. ಮಳೆ ಹೋಗಿ ಅಕ್ಟೋಬರ್ ಬಿಸಿಲು ಬಿದ್ದದ್ದೇ ತಡ, ಟೆರೇಸ್ ತುಂಬ ಪೂರಿ ಉಬ್ಬಿದ ಹಾಗೆ ಬೊಕ್ಕೆಗಳು. ಅಂಗೈ ಅಗಲದ್ದು ಕೆಲವು, ಊಟದ ಬಟ್ಟಲಿನಷ್ಟು ದೊಡ್ಡವು ಕೆಲವು. ಹೆಬ್ಬೆರಳಿನಿಂದ ಒತ್ತಿದರೆ ಒಳಗೆ ನೀರು ಅತ್ತಿತ್ತ ಹರಿಯುವುದು ಗೊತ್ತಾಗುತ್ತಿತ್ತು. ಬ್ಲೇಡಿನಿಂದ ಸೀಳಿದಾಗ ಬೆಚ್ಚಗಿನ ನೀರು ಬಳಬಳ ಹೊರಗೆ ಬಂತು. ಕೋಟನ್ನು ಎತ್ತಿ ಮಗುಚಿ ನೋಡಿದರೆ ಅಡಿಗೆ ಸಿಮೆಂಟಿನ ಹುಡಿ ಹಾಗೇ ಅಂಟಿಕೊಂಡು ಬಂದಿತ್ತು. ಅಂದರೆ ಕೋಟ್ ಹಿಡಿದದ್ದು ಗಟ್ಟಿ ನೆಲವನ್ನಲ್ಲ, ಮೇಲಿನ ಹುಡಿಯನ್ನು. ಅದಕ್ಕಿಂತ ದೊಡ್ಡ ನಷ್ಟ ಕೆಳಗೆ ಆಗಿತ್ತು. ಮೇಲೆ ಆವಿಯಾಗಿ ಹೋಗಬೇಕಾದ ನೀರಿಗೆ ದಾರಿ ಇಲ್ಲದೆ ಕೆಳಕ್ಕೆ ಇಳಿದು, ಹಾಲಿನ ಸೀಲಿಂಗಿನ ಸಾರಣೆ ಕಳಚಿ ಬಿತ್ತು, ಕಬ್ಬಿಣ ಕಾಣಿಸಿತು. ಕಬ್ಬಿಣ ತುಕ್ಕು ಹಿಡಿದರೆ ಮೊದಲಿನದಕ್ಕಿಂತ ಎಷ್ಟೋ ಪಟ್ಟು ಜಾಗ ಬೇಡುತ್ತದೆ, ಕಾಂಕ್ರೀಟನ್ನು ಒಳಗಿನಿಂದಲೇ ಒಡೆಯುತ್ತದೆ. ಕಡಲ ಗಾಳಿಯ ಉಪ್ಪು ಸೇರಿದರಂತೂ ಇನ್ನೂ ಬೇಗ. ನೀರು ಹೊಕ್ಕ ಜಾಗ ಎಲ್ಲಿ ಸಿಕ್ಕಿತು ಗೊತ್ತುಂಟಾ? ಯಾವತ್ತೋ ತೆಗೆದ ಡಿಶ್ ಆಂಟೆನಾದ ನಾಲ್ಕು ಬೋಲ್ಟ್ ತೂತುಗಳಲ್ಲಿ, ಮತ್ತೆ ಪಡುಬದಿಯ ಪ್ಯಾರಪೆಟ್ (ಟೆರೇಸಿನ ಅಂಚಿನ ಗಿಡ್ಡ ಗೋಡೆ) ಬುಡದಲ್ಲಿ. ಅಷ್ಟೂ ಟೆರೇಸಿಗೆ ಬಳಿದ ದುಡ್ಡು ಆ ಎರಡು ಜಾಗವನ್ನು ಮುಟ್ಟಿರಲಿಲ್ಲ.

ನಿಮ್ಮ ಕಲೆಯೂ ಪಡುಬದಿಯ ಮೂಲೆಯಲ್ಲೇ ಇರುವುದರಿಂದ ನನಗೆ ಮೊದಲ ಗುಮಾನಿ ಪ್ಯಾರಪೆಟ್ ಮೇಲೆ. ನಮ್ಮ ಕರಾವಳಿಯಲ್ಲಿ ಮಳೆ ಮೇಲಿನಿಂದ ಬೀಳುವುದಕ್ಕಿಂತ ಕಡಲ ಕಡೆಯಿಂದ ಬೀಸಿ ಹೊಡೆಯುವುದು ಹೆಚ್ಚು. ಪ್ಯಾರಪೆಟ್ ಕೆಂಪುಕಲ್ಲಿನದ್ದಾದರೆ ಹೊರಗಿನ ಸಾರಣೆಯ ಕೂದಲು ಬಿರುಕಿನಿಂದ ನೀರು ಕುಡಿದು ಬುಡದಲ್ಲಿ ಇಳಿಯುತ್ತದೆ. ಪ್ಯಾರಪೆಟ್ ತಲೆಯನ್ನು ನೋಡಿ, ಅದು ಚಪ್ಪಟೆಯಾಗಿದ್ದು ಪಾಚಿ ಕಟ್ಟಿದ್ದರೆ ಅಲ್ಲಿಯೂ ನೀರು ನಿಲ್ಲುತ್ತಿದೆ ಅಂತ ಅರ್ಥ. ತಲೆಗೆ ಟೆರೇಸಿನ ಕಡೆ ಇಳಿಜಾರು ಇರಬೇಕು. ನೀರು ಬಿದ್ದ ಕೋಣೆಯ ನೇರ ಮೇಲೆಯೇ ತೂತು ಇರಬೇಕೆಂದಿಲ್ಲ. ಸ್ಲ್ಯಾಬಿನ ಒಳಗೆ ಎಲೆಕ್ಟ್ರಿಕ್ ಪೈಪ್ ಹಿಡಿದು ಹತ್ತಡಿ ಆಚೆ ಹೋಗಿ ಫ್ಯಾನಿನ ಕೊಕ್ಕೆಯಲ್ಲಿ ತೊಟ್ಟಿಕ್ಕಿದ್ದನ್ನೂ ನೋಡಿದ್ದೇನೆ. ಹಾಗೆ ಆಗಿದ್ದರೆ ಆ ಫ್ಯಾನಿನ ಫ್ಯೂಸ್ ತೆಗೆಯಿರಿ, ಅದು ಬೇರೆಯೇ ಅಪಾಯ.

ಒಣಗಿದೆಯಾ ನೋಡಲು ಮೀಟರ್ ಏನೂ ಬೇಡ. ಒಂದೂವರೆ ಅಡಿ ಚೌಕದ ದಪ್ಪ ಪಾರದರ್ಶಕ ಪ್ಲಾಸ್ಟಿಕ್ ತುಂಡನ್ನು ನೆಲಕ್ಕೆ ಹಾಸಿ ನಾಲ್ಕೂ ಅಂಚಿಗೆ ಟೇಪ್ ಸರಿಯಾಗಿ ಒತ್ತಿ. ಒಂದು ಹಗಲು ಒಂದು ರಾತ್ರಿ ಬಿಡಿ. ತೆಗೆದಾಗ ಪ್ಲಾಸ್ಟಿಕ್ಕಿನ ಒಳಬದಿಯಲ್ಲಿ ಹನಿ ಕಂಡರೆ, ಇಲ್ಲವೇ ನೆಲ ಸುತ್ತಲಿನದ್ದಕ್ಕಿಂತ ಕಪ್ಪಾಗಿದ್ದರೆ ಕೋಟಿಗೆ ಕೈ ಹಾಕಬೇಡಿ. ಒಂದೇ ಕಡೆ ಅಲ್ಲ, ನೆರಳು ಬೀಳುವ ಕಡೆ, ಟ್ಯಾಂಕಿನ ಪಕ್ಕ, ಮಳೆನೀರು ಇಳಿಯುವ ಪೈಪಿನ ಬಾಯಿಯ ಹತ್ತಿರ, ಎಲ್ಲ ಕಡೆ ಇಟ್ಟು ನೋಡಿ.

ಈಗ ಏನು ಮಾಡುವುದು ಅಂತ ಕೇಳುತ್ತೀರಿ. ಈ ವರ್ಷಕ್ಕೆ ತಾತ್ಕಾಲಿಕವೇ ಗತಿ, ಬೇಸರ ಮಾಡಬೇಡಿ. ಬಿರುಕುಗಳನ್ನು ಮತ್ತು ಬೋಲ್ಟ್ ತೂತುಗಳನ್ನು ಒಣಗಿದ ಜಾಗದಲ್ಲಿ ಮಾತ್ರ ಪಿಯು (ಪಾಲಿಯುರೆಥೇನ್) ಸೀಲೆಂಟಿನಿಂದ ಮುಚ್ಚಿ. ಪಡುಬದಿಯ ಪ್ಯಾರಪೆಟ್ ತಲೆಯಿಂದ ಟೆರೇಸಿನ ಮೇಲೆ ಮೂರು-ನಾಲ್ಕು ಅಡಿ ಬರುವಷ್ಟು ದಪ್ಪ ಟಾರ್ಪಾಲ್ ಇಳಿಬಿಟ್ಟು ಎರಡೂ ಕಡೆ ಭಾರ ಇಡಿ. ಪೈಪಿನ ಬಾಯಿಗೆ ಅಡ್ಡ ಬಾರದ ಹಾಗೆ ನೋಡಿಕೊಳ್ಳಿ. ಹಗ್ಗ ಕಟ್ಟಲು ಹೊಸ ಮೊಳೆ ಹೊಡೆಯಬೇಡಿ ದಯವಿಟ್ಟು. ಮತ್ತೆ ಪೈಪ್ ಬಾಯಿ. ತೆಂಗಿನ ಗರಿಯ ಚೂರು, ಹಲಸಿನ ಎಲೆ, ಹಕ್ಕಿ ತಂದ ಕಸ ಎಲ್ಲ ಅಲ್ಲಿಯೇ ಸೇರುವುದು. ಲೆಕ್ಕ ಹಾಕಿ ನೋಡಿ, ನಿಮ್ಮ ಟೆರೇಸ್ ನೂರು ಚದರ ಮೀಟರಿಗೆ ಸ್ವಲ್ಪ ಹೆಚ್ಚು, 100 ಮಿ.ಮೀ. ಮಳೆಗೆ 10,000 ಲೀಟರ್ ನೀರು. ಗಂಟೆಗೆ ಅಷ್ಟು ಸುರಿದರೆ ನಾಲ್ಕು ಇಂಚಿನ ಪೈಪ್ ಒಂದಕ್ಕೆ ಸುಮಾರು 40 ಚದರ ಮೀಟರ್ ಅಂತ ಹಿಡಿಯುವುದು. ನಿಮಗೆ ಮೂರು ಬೇಕು, ನೀವು ಹಾಕಿದ ಫೋಟೋದಲ್ಲಿ ಕಾಣುವುದು ಎರಡು. ಒಂದು ಕಟ್ಟಿಕೊಂಡರೆ ಟೆರೇಸ್ ಕೆರೆಯೇ. ಪ್ಯಾರಪೆಟಿನಲ್ಲಿ ನೆಲದಿಂದ ಎರಡು ಇಂಚು ಮೇಲೆ ಒಂದು ಹೆಚ್ಚುವರಿ ತೂತು ಬಿಡಿಸಿದರೆ ಪೈಪ್ ಕಟ್ಟಿದರೂ ನೀರು ಹೊರಗೆ ಹೋಗುತ್ತದೆ.

ನಿಜವಾದ ಕೆಲಸ ಜನವರಿ-ಫೆಬ್ರವರಿಗೆ ಇಟ್ಟುಕೊಳ್ಳಿ. ಮೊದಲು ನೀರು ನಿಲ್ಲಿಸಿ ಪರೀಕ್ಷೆ. ಪೂರ್ತಿ ಟೆರೇಸಿಗೆ ಒಟ್ಟಿಗೆ ಬೇಡ. ಜೇಡಿಮಣ್ಣಿನ ಸಣ್ಣ ಕಟ್ಟ ಹಾಕಿ ಭಾಗ ಮಾಡಿ, ಮೊದಲು ಪ್ಯಾರಪೆಟಿನಿಂದ ದೂರದ ಮಧ್ಯಭಾಗಕ್ಕೆ ಒಂದೂವರೆ ಇಂಚು ನೀರು ಬಿಟ್ಟು ಎರಡು ದಿನ ಕಾಯಿರಿ. ಕೆಳಗೆ ಕಲೆಯ ಅಂಚಿಗೆ ಪೆನ್ಸಿಲ್ ಗೆರೆ ಎಳೆದಿಡಿ, ಬೆಳೆಯಿತಾ ನೋಡಲು. ಬೆಳೆಯದಿದ್ದರೆ ಅದನ್ನು ಬಿಟ್ಟು ಅಂಚಿನ ಭಾಗಕ್ಕೆ ನೀರು ಕಟ್ಟಿ. ಎಲ್ಲಿ ನೀರು ಬಿಟ್ಟಾಗ ಕಲೆ ಬೆಳೆಯಿತೋ ಅಲ್ಲಿಗೆ ದುಡ್ಡು ಹಾಕಿ. ಒಂದೂವರೆ ಇಂಚು ನೀರು ಅಂದರೆ ಒಂದು ಚದರ ಮೀಟರಿಗೆ ಸುಮಾರು ಮೂವತ್ತೆಂಟು ಕೆ.ಜಿ. ಭಾರ. ಸೀಲಿಂಗಿನಲ್ಲಿ ಈಗಾಗಲೇ ಕಬ್ಬಿಣ ಕಾಣುವ ಮನೆಯವರು ಎಂಜಿನಿಯರನ್ನು ಕರೆದು ತೋರಿಸದೆ ಈ ಪರೀಕ್ಷೆ ಮಾಡಬಾರದು.

ಆಮೇಲೆ ಟೊಳ್ಳಾದ ಗಾರೆ ಕಿತ್ತು ತೆಗೆಯಬೇಕು. ಬಿರುಕನ್ನು ವಿ ಆಕಾರದಲ್ಲಿ ಬಿಡಿಸಿ, ಹುಡಿ ಊದಿ ತೆಗೆದು, ಪಾಲಿಮರ್ ಬೆರೆಸಿದ ಗಾರೆ ತುಂಬಬೇಕು. ಬಿಸಿಲು-ಮಳೆಗೆ ತೆರೆದು ಮುಚ್ಚುವ ಬಿರುಕಾದರೆ ಗಾರೆ ನಿಲ್ಲುವುದಿಲ್ಲ, ಹಿಗ್ಗುವ ಸೀಲೆಂಟೇ ಆಗಬೇಕು. ಇನ್ನು ಪ್ಯಾರಪೆಟ್ ಬುಡ. ನೆಲ ಮತ್ತು ಗೋಡೆ ಸೇರುವ ಚೂಪು ಮೂಲೆಗೆ ಎರಡು-ಮೂರು ಇಂಚು ಉರುಟಾಗಿ ಗಾರೆ ಕೊಟ್ಟು, ಕೋಟನ್ನು ಗೋಡೆಯ ಮೇಲೆ ಒಂದಡಿ ಎತ್ತರಕ್ಕೆ ಹತ್ತಿಸಬೇಕು. ಮೂಲೆ ಚೂಪಾಗಿಯೇ ಉಳಿದರೆ ಯಾವ ಕೋಟೂ ಅಲ್ಲಿ ಸೀಳುತ್ತದೆ, ಏಕೆಂದರೆ ಸ್ಲ್ಯಾಬ್ ಮತ್ತು ಗೋಡೆ ಬಿಸಿಲಿಗೆ ಬೇರೆ ಬೇರೆ ರೀತಿ ಹಿಗ್ಗುತ್ತವೆ. ಮೊದಲ ಕೋಟ್ ಹಸಿ ಇರುವಾಗಲೇ ಫೈಬರ್ ಮೆಶ್ (ನಾರಿನ ಬಲೆ) ಕೂರಿಸಿ. ಒಣಗಿದ ಮೇಲೆ ಮೆಶ್ ಹಾಸಿ ಅದರ ಮೇಲೆ ಬಳಿಯುವವರಿದ್ದಾರೆ, ಅಂಥವರನ್ನು ಅಲ್ಲಿಯೇ ನಿಲ್ಲಿಸಿ. ಎರಡನೆಯ ಕೋಟ್ ಅಡ್ಡ ದಿಕ್ಕಿಗೆ. ಪೈಪಿನ ಬಾಯಿಯಲ್ಲಿ ಮೆಶ್ ಪೈಪಿನ ಒಳಗೆ ಇಳಿಯಬೇಕು, ಅಂಚಿಗೆ ನಿಲ್ಲಬಾರದು. ಪೈಪಿಗೂ ಕಾಂಕ್ರೀಟಿಗೂ ನಡುವಿನ ಸಂದಿ ಸೋರುವಷ್ಟು ಬೇರೆ ಯಾವುದೂ ಸೋರುವುದಿಲ್ಲ.

ಬ್ರ್ಯಾಂಡ್ ಕೇಳಿದಿರಲ್ಲ. ಡಾ. ಫಿಕ್ಸಿಟ್, ಫೋಸ್ರಾಕ್, ಸಿಕಾ ಎಲ್ಲ ಇಲ್ಲಿ ಸಿಗುತ್ತವೆ, ಎಲ್ಲದರಲ್ಲೂ ಒಳ್ಳೆಯ ಮಾಲು ಉಂಟು. ನೋಡಬೇಕಾದ್ದು ಡಬ್ಬದ ಮೇಲಿನ ಹೆಸರಲ್ಲ, ಒಳಗಿನ ಜಾತಿ. ಬಿಳಿ ಅಕ್ರಿಲಿಕ್ ಕೋಟ್ ಬಿಸಿಲು ತಡೆಯುತ್ತದೆ, ಮನೆ ತಂಪಾಗುತ್ತದೆ, ಆದರೆ ನೀರು ದಿನಗಟ್ಟಲೆ ನಿಲ್ಲುವ ತಗ್ಗಿನಲ್ಲಿ ಅದು ಮೆತ್ತಗಾಗಿ ಕಿತ್ತು ಬರುತ್ತದೆ. ಹಾಗಾಗಿ ಮೊದಲು ಸ್ಲೋಪ್, ನೂರಕ್ಕೆ ಒಂದಕ್ಕಿಂತ ಕಡಿಮೆ ಬೇಡ, ನಮ್ಮ ಮಳೆಗೆ ಅದಕ್ಕಿಂತ ಜಾಸ್ತಿಯೇ ಇರಲಿ. ಬಟ್ಟೆ ಒಣಗಿಸಲು, ಅಡಿಕೆ ಹರಡಲು ದಿನಾ ಓಡಾಡುವ ಟೆರೇಸಾದರೆ ಬ್ರಷ್‌ಬಾಂಡ್ ಥರದ ಸಿಮೆಂಟ್-ಪಾಲಿಮರ್ ಕೋಟ್ ಹಾಕಿ ಮೇಲೆ ರಕ್ಷಣೆಗೆ ಸ್ಕ್ರೀಡ್ (ಗಾರೆಯ ಪದರ) ಎಳೆಯುವುದು ನನಗೆ ಇಷ್ಟ. ಡಾ. ಫಿಕ್ಸಿಟ್‌ನ ಎಲ್‌ಡಬ್ಲ್ಯು ಪ್ಲಸ್ ಸಿಮೆಂಟಿಗೆ ಬೆರೆಸುವ ಮಾಲು, ಐವತ್ತು ಕೆ.ಜಿ. ಚೀಲಕ್ಕೆ 200 ಎಂ.ಎಲ್. ಅದನ್ನು ಬ್ರಷ್ಷಿನಲ್ಲಿ ಬಳಿಯಿರಿ ಅಂತ ಮೇಲೆ ಒಬ್ಬರು ಬರೆದಿದ್ದಾರೆ, ತಿದ್ದಿಕೊಳ್ಳಿ. ಡಬ್ಬದ ಹಿಂದೆ ಒಂದು ಲೀಟರಿಗೆ ಎಷ್ಟು ಚದರ ಅಡಿ ಅಂತ ಬರೆದಿರುತ್ತದೆ. ನಿಮ್ಮ ಟೆರೇಸಿಗೆ ಎಷ್ಟು ಡಬ್ಬ ಬೇಕೋ ನೀವೇ ಎಣಿಸಿ, ಖಾಲಿ ಡಬ್ಬ ನಿಮ್ಮ ಅಂಗಳದಲ್ಲೇ ಇಡಿಸಿ. ಅರ್ಧ ಮಾಲಿನಲ್ಲಿ ನೀರು ಬೆರೆಸಿ ಇಡೀ ಟೆರೇಸ್ ಮುಗಿಸಿದ ಕೆಲಸಕ್ಕೆ ಹತ್ತು ವರ್ಷದ ಗ್ಯಾರಂಟಿ ಬರೆದುಕೊಟ್ಟರೂ ಏನು ಪ್ರಯೋಜನ?

ಒಳಗಿನಿಂದ ಸೀಲಿಂಗಿಗೆ ಡ್ಯಾಂಪ್ ಪ್ರೂಫ್ ಪೇಂಟ್ ಹೊಡೆಯಿರಿ ಎಂದವರ ಮಾತು ಕೇಳಬೇಡಿ. ಕಲೆ ಮುಚ್ಚುತ್ತದೆ, ಕಬ್ಬಿಣ ಒಳಗೆ ನೆನೆಯುತ್ತಲೇ ಇರುತ್ತದೆ.

ಅಮೆರಿಕದ ವಿಡಿಯೊ ಹಾಕಿದವರಿಗೆ. ಅದರಲ್ಲಿ ಮಾಡಿನ ಅಂಚಿಗೆ ಅಂಟಿಸುವ ಶೀಟ್ ಹಿಮಕ್ಕಾಗಿ. ಅಲ್ಲಿ ಮನೆಯೊಳಗಿನ ಶಾಖಕ್ಕೆ ಮಾಡಿನ ಮೇಲಿನ ಹಿಮ ಕರಗಿ ಕೆಳಗೆ ಹರಿದು, ತಣ್ಣಗಿನ ಅಂಚಿನಲ್ಲಿ ಮತ್ತೆ ಮಂಜುಗಡ್ಡೆಯಾಗುತ್ತದೆ. ಆ ಗಡ್ಡೆ ಅಣೆಕಟ್ಟಿನಂತೆ ನಿಂತು ಹಿಂದಿನ ನೀರು ಹಂಚಿನ ಅಡಿಗೆ ನುಗ್ಗುತ್ತದೆ. ಬಿರುಕಿನಲ್ಲಿ ನಿಂತ ನೀರು ಹೆಪ್ಪುಗಟ್ಟಿದಾಗ ಶೇ. 9ರಷ್ಟು ಹಿಗ್ಗಿ ಕಾಂಕ್ರೀಟ್ ಒಡೆಯುವುದೂ ಅಲ್ಲಿನ ಕಷ್ಟ. ನಮ್ಮ ಕಷ್ಟ ವರ್ಷಕ್ಕೆ ಮೂರೂವರೆ-ನಾಲ್ಕು ಸಾವಿರ ಮಿ.ಮೀ. ಮಳೆ, ಅದೂ ಹೆಚ್ಚಿನದ್ದು ನಾಲ್ಕೇ ತಿಂಗಳಲ್ಲಿ. ಬೆಂಗಳೂರಿನ ಮಳೆ ಇದರ ಕಾಲು ಭಾಗದಷ್ಟು, ಹಾಗಾಗಿ ಅಲ್ಲಿನ ಕಂಟ್ರಾಕ್ಟರ್ ವಿಡಿಯೊಗಳನ್ನೂ ಹಾಗೇ ನಂಬಬೇಡಿ.

ಟೆರೇಸ್ ಮೇಲೆ ಕಂಬ ನಿಲ್ಲಿಸಿ ತಗಡಿನ ಶೀಟ್ ಹಾಕಿಸಿಬಿಡಿ ಎಂದವರ ಸಲಹೆ ಒಳ್ಳೆಯದೇ, ನಮ್ಮೂರಲ್ಲಿ ಅರ್ಧಕ್ಕರ್ಧ ಮನೆಗಳಿಗೆ ಅದೇ ಪರಿಹಾರ. ಆದರೆ ಕಂಬದ ಬೇಸ್ ಪ್ಲೇಟ್ ಕೂರಿಸಲು ಸ್ಲ್ಯಾಬಿಗೆ ತೂತು ಕೊರೆದರೆ ಹೊಸ ಸೋರುವ ಜಾಗಗಳನ್ನು ನೀವೇ ಮಾಡಿದ ಹಾಗೆ. ಸಣ್ಣ ಕಾಂಕ್ರೀಟ್ ಕಟ್ಟೆ ಎಬ್ಬಿಸಿ ಅದರ ಮೇಲೆ ಪ್ಲೇಟ್ ಕೂರಿಸಿ. ಶೀಟ್ ಪ್ಯಾರಪೆಟಿನಿಂದ ಎರಡಡಿಯಾದರೂ ಹೊರಗೆ ಚಾಚಲಿ, ಇಲ್ಲದಿದ್ದರೆ ಬೀಸುವ ಮಳೆ ಒಳಗೇ ಬರುತ್ತದೆ. ಚಾಚಿದಷ್ಟೂ ಗಾಳಿ ಹಿಡಿಯುತ್ತದೆ, 2021ರ ತೌಕ್ತೆ ಚಂಡಮಾರುತ ಮರೆಯಬೇಡಿ, ಟ್ರಸ್ಸನ್ನು (ಶೀಟ್ ಹೊರುವ ಚೌಕಟ್ಟು) ಬಿಗಿಯಾಗಿ ಕಟ್ಟಿಸಿ.

ಬೈಕಂಪಾಡಿಯ ಗೋಡೌನಿನವರು ಶೀಟಿಗೂ ಇದೇ ಕೋಟ್ ಆಗ್ತದಾ ಅಂತ ಕೇಳಿದ್ದಾರೆ. ಶೀಟ್ ಸೋರುವುದು ಹೆಚ್ಚಾಗಿ ಸ್ಕ್ರೂವಿನ ಅಡಿಯಲ್ಲಿ. ರಬ್ಬರ್ ವಾಷರ್ ಬಿಸಿಲಿಗೆ ಒಡೆದಿರುತ್ತದೆ, ಇಲ್ಲವೇ ಕೂರಿಸುವಾಗಲೇ ಡ್ರಿಲ್ಲಿನಲ್ಲಿ ಜೋರಾಗಿ ಬಿಗಿದು ಜಜ್ಜಿರುತ್ತದೆ. ತುಕ್ಕು ಹಿಡಿದ ಸ್ಕ್ರೂ ತೆಗೆದು, ಒಂದು ಸೈಜ್ ದಪ್ಪದ್ದನ್ನು ಇಪಿಡಿಎಂ (ಬಿಸಿಲು ತಾಳುವ ರಬ್ಬರ್) ವಾಷರ್ ಸಮೇತ ಹಾಕಿ. ವಾಷರ್ ಸ್ವಲ್ಪ ಒತ್ತಿದರೆ ಸಾಕು, ಹೊರಗೆ ಉಬ್ಬಬಾರದು. ಒಂದು ಶೀಟಿನ ಮೇಲೆ ಇನ್ನೊಂದು ಶೀಟ್ ಆರು ಇಂಚಾದರೂ ಹತ್ತಿರಬೇಕು, ಇಳಿಜಾರು ಕಡಿಮೆ ಇದ್ದರೆ ಇನ್ನೂ ಜಾಸ್ತಿ. ಎರಡು ಮಾಡು ಸೇರುವ ನಡುವಿನ ಗಟರನ್ನು ಜೂನ್‌ಗೆ ಮೊದಲು ಒಮ್ಮೆ, ಆಟಿಯಲ್ಲಿ ಇನ್ನೊಮ್ಮೆ ತೆಗೆಸಿ. ಒದ್ದೆ ಶೀಟಿನ ಮೇಲೆ ಯಾರನ್ನೂ ಹತ್ತಿಸಬೇಡಿ, ಒಣಗಿದಾಗಲೂ ಹಲಗೆ ಹಾಸಿ, ಹಗ್ಗ ಕಟ್ಟಿಯೇ.

ಕಾಪುವಿನವರೇ, ಪಡುಬದಿಯ ಪ್ಯಾರಪೆಟಿನ ಒಳಗಿಂದ, ಹೊರಗಿಂದ, ಮತ್ತೆ ಎರಡೂ ಪೈಪ್ ಬಾಯಿಯ ಹತ್ತಿರದಿಂದ ಫೋಟೋ ತೆಗೆದು ಇಲ್ಲೇ ಹಾಕಿ. ಪ್ಲಾಸ್ಟಿಕ್ ತುಂಡು ಇವತ್ತೇ ಅಂಟಿಸಿದರೆ ನಾಳೆ ಸಂಜೆ ಅದರ ಫೋಟೋವನ್ನೂ ಹಾಕಬಹುದು. ನಿಮ್ಮ ಟೆರೇಸಿನಲ್ಲಿರುವ ಸೋಲಾರ್ ಸ್ಟ್ಯಾಂಡಿನ ಕಾಲನ್ನು ಸ್ಲ್ಯಾಬಿಗೇ ಬೋಲ್ಟ್ ಮಾಡಿದ್ದಾರಾ, ಅದನ್ನೂ ನೋಡಿ ಹೇಳಿ.