ಕೆಲವರು ಮೊದಲ ಹೆಸರು ಬಿಟ್ಟು ನಡುವಿನ ಹೆಸರಿನಿಂದ ಕರೆಸಿಕೊಳ್ಳುವುದು ಯಾಕೆ?

ನಿಮ್ಮ ಹೊಸ ಆಫೀಸಿನ ಅಮೆರಿಕದ ಮ್ಯಾನೇಜರ್‌ಗೆ ದಾಖಲೆಯಲ್ಲಿ ಒಂದು ಹೆಸರು ಮೊದಲಿದೆ, ಎಲ್ಲರೂ ಕರೆಯುವುದು ಮಾತ್ರ ನಡುವಿನ ಹೆಸರಿನಿಂದ. ‘ಅವರಿಗೆ ತಮ್ಮ ಮೊದಲ ಹೆಸರು ಇಷ್ಟವಿಲ್ಲವಾ? ನಾನು ಮೇಲ್‌ನಲ್ಲಿ ಏನಂತ ಬರೆಯಲಿ?’ ಎಂದು ಕೇಳಿದ್ದೀರಿ.

ಇಷ್ಟ ಇಲ್ಲದೆ ಬಿಟ್ಟವರೂ ಇದ್ದಾರೆ. ಆದರೆ ಎಷ್ಟೋ ಜನರ ವಿಷಯದಲ್ಲಿ ಅವರು ಏನನ್ನೂ ಬಿಟ್ಟೇ ಇರುವುದಿಲ್ಲ. ಮೊದಲ ಹೆಸರು ಮನೆತನಕ್ಕೆ ಸೇರಿದ್ದು, ಅಪ್ಪನದೋ ಅಜ್ಜನದೋ ಆಗಿರುತ್ತದೆ. ಈ ಮಗುವಿಗೆ ಅಂತಲೇ ಹುಡುಕಿ ಇಟ್ಟ ಹೆಸರು ಎರಡನೆಯದು. ಮನೆಯವರು ತೊಟ್ಟಿಲಿನಿಂದಲೇ ಹಾಗೆ ಕರೆದಿರುತ್ತಾರೆ.

ಬೀಟಲ್ಸ್ ಎಂಬ ಇಂಗ್ಲೆಂಡಿನ ಸಂಗೀತ ತಂಡದ ಪಾಲ್ ಮೆಕಾರ್ಟ್ನಿ ಗೊತ್ತಲ್ವಾ? ಅವರ ಪೂರ್ತಿ ಹೆಸರು ಜೇಮ್ಸ್ ಪಾಲ್ ಮೆಕಾರ್ಟ್ನಿ. ಅಪ್ಪನೂ ಜೇಮ್ಸ್. ಒಂದೇ ಮನೆಯಲ್ಲಿ ‘ಜೇಮ್ಸ್’ ಎಂದು ಕೂಗಿದರೆ ಇಬ್ಬರೂ ಓಗೊಡಬೇಕಾಗುತ್ತದೆ. 1865ರಲ್ಲಿ ಮುಂಬೈಯಲ್ಲಿ ಹುಟ್ಟಿದ ಲೇಖಕ ಕಿಪ್ಲಿಂಗ್ ಅವರದೂ ಇದೇ ಕಥೆ. ಜೋಸೆಫ್ ರಡ್‌ಯಾರ್ಡ್ ಕಿಪ್ಲಿಂಗ್ ಎನ್ನುವುದರಲ್ಲಿ ಜೋಸೆಫ್ ಅಜ್ಜನ ಹೆಸರು. ರಡ್‌ಯಾರ್ಡ್ ಇಂಗ್ಲೆಂಡಿನ ಒಂದು ಕೆರೆಯ ಹೆಸರು. ಅಪ್ಪ ಅಮ್ಮ ಮೊದಲ ಸಲ ಭೇಟಿಯಾಗಿದ್ದು ಆ ಕೆರೆಯ ಹತ್ತಿರ. ಎಷ್ಟು ಚೆಂದದ ಹೆಸರು! ಒಂದು ಭಾಗ ವಂಶದ್ದು, ಇನ್ನೊಂದು ಅವರಿಬ್ಬರದೇ ನೆನಪು. ಅವರ ಅಪ್ಪನೂ ಜಾನ್ ಲಾಕ್‌ವುಡ್ ಕಿಪ್ಲಿಂಗ್, ಕರೆಯುತ್ತಿದ್ದುದು ಲಾಕ್‌ವುಡ್ ಎಂದು.

ಧರ್ಮದ ಕಾರಣಕ್ಕೂ ಹೀಗಾಗುತ್ತದೆ. ಕೆನಡಾದ ಕ್ವಿಬೆಕ್‌ನಲ್ಲಿ ಕ್ಯಾಥೊಲಿಕ್ ಮನೆಗಳು ಗಂಡು ಮಕ್ಕಳಿಗೆ ಜೋಸೆಫ್, ಹೆಣ್ಣು ಮಕ್ಕಳಿಗೆ ಮರೀ ಎಂದು ಮೊದಲು ಸೇರಿಸಿ ದೀಕ್ಷಾಸ್ನಾನ ಮಾಡಿಸುವ ರೂಢಿ ಬಹಳ ಕಾಲ ಇತ್ತು. ಕೆನಡಾದ ಪ್ರಧಾನಿಯಾಗಿದ್ದ ಪಿಯರ್ ಟ್ರೂಡೊ ಕಾಗದದಲ್ಲಿ ಜೋಸೆಫ್ ಫಿಲಿಪ್ ಪಿಯರ್. ಊರಿನ ಗಂಡಸರೆಲ್ಲ ಜೋಸೆಫ್ ಆದರೆ ಆ ಹೆಸರಿನಿಂದ ಯಾರನ್ನು ಕರೆಯುತ್ತೀರಿ? ನಮ್ಮ ಮುಸ್ಲಿಂ ಗೆಳೆಯರ ಮನೆಗಳಲ್ಲೂ ನೋಡಿ. ಪ್ರವಾದಿಯ ಹೆಸರು ಗೌರವಕ್ಕೆ ಮುಂದೆ ನಿಲ್ಲುತ್ತದೆ, ಕರೆಯುವುದು ಆಮೇಲಿನ ಹೆಸರು. ಮೊಹಮ್ಮದ್ ಅಜರುದ್ದೀನ್ ಬ್ಯಾಟ್ ಹಿಡಿದು ಬಂದರೆ ಇಡೀ ದೇಶ ಅಜರ್ ಅಂತಲೇ ಕೂಗುತ್ತಿತ್ತು.

ನನ್ನ ಅಜ್ಜಿಯನ್ನು ನೋಡಿ ಬೆಳೆದ ನನಗೆ ಇದು ಯಾವತ್ತೂ ವಿಚಿತ್ರ ಅನ್ನಿಸಿಲ್ಲ. ದೊಡ್ಡಪ್ಪ ಅಜ್ಜಿಯ ಮೊದಲ ಮಗ. ಪದ್ಧತಿಯ ಪ್ರಕಾರ ಅವರಿಗೆ ತಾತನ ಹೆಸರು, ಅಂದರೆ ಅಜ್ಜಿಯ ಮಾವನ ಹೆಸರು. ಮಾವನ ಹೆಸರನ್ನು ಸೊಸೆ ಬಾಯಿಬಿಟ್ಟು ಹೇಳುವ ಹಾಗಿಲ್ಲ. ಹಾಗಾಗಿ ಅಜ್ಜಿ ತಾನು ಹೆತ್ತ ಮಗನ ಹೆಸರನ್ನು ಒಂದು ದಿನವೂ ಹೇಳಲಿಲ್ಲ. ಪುಟ್ಟಣ್ಣ ಅಂತಲೇ ಕರೆದರು. ಒಮ್ಮೆ ರೇಷನ್ ಕಾರ್ಡಿಗೆ ಹೆಸರು ಬರೆದುಕೊಳ್ಳಲು ಒಬ್ಬರು ಮನೆಗೆ ಬಂದಿದ್ದರು. ‘ದೊಡ್ಡ ಮಗನ ಹೆಸರೇನಮ್ಮ?’ ಎಂದು ಕೇಳಿದರು. ಅಜ್ಜಿ ಸೆರಗು ಸರಿ ಮಾಡಿಕೊಂಡು, ಬಾಗಿಲ ಹಿಂದಿದ್ದ ನನ್ನನ್ನು ಮುಂದಕ್ಕೆ ತಳ್ಳಿ, ‘ನೀನೇ ಹೇಳಮ್ಮ’ ಅಂದರು. ನಾನು ಹೇಳಿದೆ. ದೊಡ್ಡಪ್ಪನಿಗೆ ಎಪ್ಪತ್ತಾದಾಗಲೂ ಊರಿನವರಿಗೆ ಅವರು ಪುಟ್ಟಣ್ಣನೇ.

ಬಾಕ್ ಎಂಬ ಜರ್ಮನ್ ಸಂಗೀತಗಾರರ ವಿಷಯ ಓದಿದಾಗ ನಮ್ಮ ಮನೆಯೇ ನೆನಪಾಯಿತು. 1685ರಲ್ಲಿ ಹುಟ್ಟಿದ ಯೊಹಾನ್ ಸೆಬಾಸ್ಟಿಯನ್ ಬಾಕ್. ಅಪ್ಪ ಯೊಹಾನ್ ಆಂಬ್ರೋಸಿಯಸ್, ಒಬ್ಬ ಅಣ್ಣ ಯೊಹಾನ್ ಕ್ರಿಸ್ಟೋಫ್, ಇನ್ನೊಬ್ಬ ಅಣ್ಣ ಯೊಹಾನ್ ಯಾಕೋಬ್. ಆ ಮನೆಯಲ್ಲಿ ಯೊಹಾನ್ ಎನ್ನುವುದು ಎಲ್ಲರಿಗೂ ಸೇರಿದ್ದು. ಕರೆಯಲು ಇರುವುದು ಎರಡನೆಯದೇ. ಜರ್ಮನಿಯಲ್ಲಿ ಇದಕ್ಕೆ ‘ರೂಫ್‌ನಾಮೆ’ ಎಂಬ ಪದವೇ ಇದೆ. ಕರೆಯುವ ಹೆಸರು ಎಂದರ್ಥ. ಹಲವು ಹೆಸರಿರುವವರು ಫಾರಂ ತುಂಬುವಾಗ ಅದೊಂದರ ಕೆಳಗೆ ಗೆರೆ ಎಳೆಯುವ ರೂಢಿಯೂ ಇದೆ.

ಫಾರಂ ಎಂದಾಗ ಗ್ರಾಂಟ್ ಅವರನ್ನು ಹೇಳಲೇಬೇಕು. ಅಮೆರಿಕದ ಅಧ್ಯಕ್ಷರಾಗಿದ್ದ ಯುಲಿಸಿಸ್ ಎಸ್. ಗ್ರಾಂಟ್ ಹುಟ್ಟಿದಾಗ ಇಟ್ಟ ಹೆಸರು ಹೈರಮ್ ಯುಲಿಸಿಸ್ ಗ್ರಾಂಟ್. ಮನೆಯಲ್ಲಿ ಕರೆಯುತ್ತಿದ್ದುದು ಯುಲಿಸಿಸ್. 1839ರಲ್ಲಿ ಅವರನ್ನು ವೆಸ್ಟ್ ಪಾಯಿಂಟ್ ಸೈನಿಕ ಶಾಲೆಗೆ ಸೂಚಿಸಿದ ಸಂಸದರು ಯುಲಿಸಿಸ್ ಎಂಬುದೇ ಮೊದಲ ಹೆಸರು ಅಂದುಕೊಂಡು, ನಡುವೆ ಒಂದು ‘ಎಸ್’ ಸೇರಿಸಿ ಬರೆದುಬಿಟ್ಟರು. ಅಮ್ಮನ ತವರಿನ ಹೆಸರು ಸಿಂಪ್ಸನ್, ಅಲ್ಲಿಂದ ಬಂದ ಎಸ್ ಇರಬೇಕು. ಶಾಲೆಯಲ್ಲಿ ತಿದ್ದಲಾಗಲಿಲ್ಲ, ಕೊನೆಗೆ ಅದೇ ಉಳಿಯಿತು. ಆ ಎಸ್‌ಗೆ ಅರ್ಥವೇನೂ ಇಲ್ಲ ಎಂದು ಅವರೇ ಹೇಳಿದ್ದರು.

ನನಗೂ ಒಂದು ಫಾರಂ ಹೀಗೇ ಮಾಡಿತು. ನಾನು ಹಳೇ ಮೈಸೂರು ಕಡೆಯವಳು. ನಮ್ಮಲ್ಲಿ ಊರು ಮೊದಲು, ಅಪ್ಪನ ಹೆಸರು ಆಮೇಲೆ, ಸ್ವಂತ ಹೆಸರು ಕೊನೆಗೆ. ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ ಅಂದರೆ ಕುಪ್ಪಳಿ ಊರಿನ ವೆಂಕಟಪ್ಪನವರ ಮಗ ಪುಟ್ಟಪ್ಪ. ಜಾವಗಲ್ ಶ್ರೀನಾಥ್ ಹೆಸರಿನ ಜಾವಗಲ್ ಅರಸೀಕೆರೆ ತಾಲ್ಲೂಕಿನ ಒಂದು ಊರು. ಹೊರದೇಶದವರು ಅದನ್ನೇ ಅವರ ಸ್ವಂತ ಹೆಸರು ಅಂದುಕೊಂಡರೆ ತಪ್ಪು ಹೇಳಲಾಗದು, ಬರೆದ ಕ್ರಮ ಹಾಗಿದೆ. ಧಾರವಾಡದ ಕಡೆ ಈ ತೊಂದರೆ ಇಲ್ಲ. ಭೀಮಸೇನ ಗುರುರಾಜ ಜೋಶಿ ಎಂದು ತಮ್ಮ ಹೆಸರು ಮೊದಲೇ ಬರುತ್ತದೆ.

ಪಾಸ್‌ಪೋರ್ಟ್ ಮಾಡಿಸುವಾಗ ಇನಿಷಿಯಲ್ ಬಿಡಿಸಿ ಬರೆಯಬೇಕಾಯಿತು. ಊರಿನ ಹೆಸರನ್ನು ಸರ್‌ನೇಮ್ ಜಾಗದಲ್ಲಿ ಬರೆದೆ. ಗಿವನ್ ನೇಮ್ ಜಾಗದಲ್ಲಿ ಅಪ್ಪನ ಹೆಸರು, ಅದರ ಪಕ್ಕ ನನ್ನದು. ಹಾಗೆ ನನ್ನ ಹೆಸರು ನಡುವೆ ಬಂದು ಕೂತಿತು.

ಅದು ಎಂಥ ವಿಷಯ ಎಂದು ಗೊತ್ತಾಗಿದ್ದು ಅಮೆರಿಕದಲ್ಲಿ ಕೆಲಸಕ್ಕೆ ಹೋದ ವರ್ಷ. ಜ್ವರ ಬಿಡದೆ ಒಂದು ಕ್ಲಿನಿಕ್‌ಗೆ ಹೋಗಿದ್ದೆ. ಅಪ್ಪ ತೀರಿಕೊಂಡು ಎಂಟು ತಿಂಗಳಾಗಿತ್ತು. ಕುರ್ಚಿಯಲ್ಲಿ ತಲೆ ಒರಗಿಸಿ ಕೂತಿದ್ದೆ. ಒಳಗಿನಿಂದ ನರ್ಸ್ ಒಬ್ಬರು ಫೈಲ್ ಹಿಡಿದು ಬಂದು ಅಪ್ಪನ ಹೆಸರು ಕೂಗಿದರು. ಉಚ್ಚಾರ ಪೂರ್ತಿ ಬೇರೆ, ಆದರೂ ಅದು ಅಪ್ಪನದೇ ಹೆಸರು. ನಾನು ತಿರುಗಿ ಬೀದಿ ಬಾಗಿಲ ಕಡೆ ನೋಡಿದೆ. ನಿಜವಾಗಿ ನೋಡಿದೆ, ಅಪ್ಪ ಚಪ್ಪಲಿ ಬಿಟ್ಟು ಒಳಗೆ ಬರುತ್ತಿದ್ದಾರೇನೋ ಅನ್ನುವ ಹಾಗೆ. ಮೂರನೇ ಸಲ ಕೂಗಿದಾಗ ಕರೆಯುತ್ತಿರುವುದು ನನ್ನನ್ನೇ ಎಂದು ಹೊಳೆಯಿತು.

ಒಳಗೆ ಹೋಗಿ ಆಕೆಗೆ ಹೇಳಿದೆ, ಅದು ನನ್ನ ತಂದೆಯ ಹೆಸರು, ನನ್ನದು ಎರಡನೆಯದು ಎಂದು. ಆಕೆ ‘ಕ್ಷಮಿಸಿ’ ಎಂದು, ನನ್ನ ಹೆಸರನ್ನು ಹೇಗೆ ಹೇಳಬೇಕು ಎಂದು ಕೇಳಿದರು. ಎರಡು ಸಲ ಹೇಳಿಸಿಕೊಂಡರು. ಆಮೇಲೆ ಫೈಲಿನ ಮೇಲೆ ಆ ಹೆಸರಿನ ಸುತ್ತ ಪೆನ್ನಿನಲ್ಲಿ ಒಂದು ಸುತ್ತು ಹಾಕಿದರು. ವಾರ ಬಿಟ್ಟು ಮತ್ತೆ ಹೋದಾಗ ಬೇರೆ ನರ್ಸ್ ಇದ್ದರು. ಅವರೂ ನನ್ನ ಹೆಸರನ್ನೇ ಕೂಗಿದರು. ನನಗೆ ಅವತ್ತು ಆದ ಸಮಾಧಾನವನ್ನು ಇವತ್ತಿಗೂ ಮರೆತಿಲ್ಲ.

ಹಾಗಾಗಿ ನಿಮ್ಮ ಮ್ಯಾನೇಜರ್ ತಮ್ಮ ಮೇಲ್‌ನ ಕೊನೆಯಲ್ಲಿ ಯಾವ ಹೆಸರು ಬರೆಯುತ್ತಾರೋ ಅದನ್ನೇ ನೀವೂ ಬರೆಯಿರಿ. ಗೌರವ ತೋರಿಸಲು ಎಂದು ದಾಖಲೆಯ ಮೊದಲ ಹೆಸರು ಬಳಸಬೇಡಿ. ಅದು ಅವರ ಅಪ್ಪನ ಹೆಸರಾಗಿದ್ದರೂ ಆಗಿರಬಹುದು. ಯಾಕೆ ಎಂದು ತಿಳಿಯಬೇಕು ಅನ್ನಿಸಿದರೆ ಸ್ವಲ್ಪ ಪರಿಚಯವಾದ ಮೇಲೆ ನೇರವಾಗಿ ಕೇಳಿ. ತಮ್ಮ ಹೆಸರಿನ ಕಥೆ ಹೇಳಲು ಜನರಿಗೆ ಖುಷಿಯೇ. ಒಂದು ಮಾತ್ರ ನೆನಪಿಡಿ, ಅವರಿಗೆ ವಿಮಾನದ ಟಿಕೆಟ್ ಮಾಡಿಸುವ ಕೆಲಸ ನಿಮಗೆ ಬಂದರೆ ಪಾಸ್‌ಪೋರ್ಟ್ ಕೇಳಿ ಪಡೆದು, ಅದರಲ್ಲಿ ಇರುವ ಹಾಗೆಯೇ ಅಕ್ಷರ ತಪ್ಪದೆ ತುಂಬಿ.