ಪುಕ್ಕಟೆ ಸಲಹೆಗೆ ಬಿಲ್ಲು ಹಾಕುವುದು ಹೇಗೆ?

ಸ್ವಂತವಾಗಿ ಸಲಹಾ ವೃತ್ತಿ ಹಿಡಿದವರು ಕಳಿಸಿದ ಪ್ರಶ್ನೆಗಳಲ್ಲಿ ನಾಲ್ಕಕ್ಕೆ ಈ ಸಂಚಿಕೆಯಲ್ಲಿ ಉತ್ತರ.

ಪ್ರಶ್ನೆ: ಉದ್ಯಮಬಾಗದ ಫೌಂಡ್ರಿಯಲ್ಲಿ (ಲೋಹ ಕರಗಿಸಿ ಎರಕ ಹೊಯ್ಯುವ ಕಾರ್ಖಾನೆ) 18 ವರ್ಷ ಕ್ವಾಲಿಟಿ ವಿಭಾಗ ನೋಡಿಕೊಂಡಿದ್ದೆ. ಕೆಲಸ ಬಿಟ್ಟು ಆರು ತಿಂಗಳಾಯಿತು. ಪರಿಚಯದವರು ಫೋನ್ ಹಚ್ಚಿ, ‘ಸರ್, ಬ್ಲೋಹೋಲ್ ಭಾಳ ಬರಾಕತ್ತಾವ, ಏನ್ ಮಾಡೂದು?’ ಅಂತ ಕೇಳುತ್ತಾರೆ. ರೊಕ್ಕದ ಮಾತು ಬಂದರೆ ‘ನೋಡೂಣ್ರಿ’ ಅಂತಾರೆ. ದಿನಕ್ಕೆ ಎಷ್ಟು ಕೇಳಬೇಕು? ಗಿರಾಕಿ ಹುಡುಕುವುದು ಹೇಗೆ? – ಓದುಗ, ಬೆಳಗಾವಿ

ಉತ್ತರ: ಮೊದಲು ಆ ಫೋನ್ ವಿಷಯ. ಬ್ಲೋಹೋಲ್‌ಗೆ, ಅಂದರೆ ಎರಕದಲ್ಲಿ ಗ್ಯಾಸಿನಿಂದ ಬೀಳುವ ಗುಳ್ಳೆಗೆ, ಕಾರಣ ಒಂದೇ ಅಲ್ಲ ಎಂಬುದು ನಿಮಗೇ ಗೊತ್ತು. ಅಚ್ಚಿನ ಮರಳಿನ ತೇವ ಹೆಚ್ಚಾಗಿರಬಹುದು, ಪರ್ಮಿಯಬಿಲಿಟಿ (ಮರಳಿನ ಮೂಲಕ ಗ್ಯಾಸ್ ಹೊರಹೋಗುವ ಗುಣ) ಕಡಿಮೆಯಾಗಿರಬಹುದು, ಕೋರಿನಿಂದ (ಟೊಳ್ಳು ಬಿಡಲು ಅಚ್ಚಿನೊಳಗೆ ಇಡುವ ತುಂಡು) ಗ್ಯಾಸ್ ಬರುತ್ತಿರಬಹುದು, ಲೇಡಲ್ (ಕರಗಿದ ಲೋಹ ಹೊಯ್ಯುವ ಪಾತ್ರೆ) ಸರಿಯಾಗಿ ಕಾದಿರಲಿಕ್ಕಿಲ್ಲ. ಫೋನಿನಲ್ಲಿ ಹೇಳಿದ ಉಪಾಯ ಅರ್ಧ ಸಲ ತಪ್ಪಾಗುತ್ತದೆ, ಹೆಸರು ಕೆಡುವುದು ನಿಮ್ಮದು. ಆದ್ದರಿಂದ ಫೋನಿನಲ್ಲಿ ಮದ್ದು ಹೇಳಬೇಡಿ, ಪ್ರಶ್ನೆ ಕೇಳಿ: ಯಾವ ಪಾರ್ಟು? ಯಾವ ಪಾಳಿಯಲ್ಲಿ ಜಾಸ್ತಿ? ಗುಳ್ಳೆ ಮೇಲೇ ಕಾಣುತ್ತದೋ, ಮಷೀನಿಂಗ್ ಆದ ಮೇಲೆ ತೆರೆದುಕೊಳ್ಳುತ್ತದೋ? ಹತ್ತು ನಿಮಿಷದಲ್ಲಿ ಅವರಿಗೇ ತಿಳಿಯುತ್ತದೆ, ತಮ್ಮ ಹತ್ತಿರ ಲೆಕ್ಕವೇ ಇಲ್ಲ ಎಂದು. ‘ಮೂರು ದಿನ ಬಂದು ನೋಡಿ ಬರೆದುಕೊಡುತ್ತೇನೆ, ಇಷ್ಟಾಗುತ್ತದೆ’ ಎನ್ನಲು ಅದೇ ಸರಿಯಾದ ಹೊತ್ತು.

ಆ ಮೂರು ದಿನದ ಕೆಲಸ ಮೊದಲೇ ಗೊತ್ತಿರಲಿ. ಮೊದಲ ದಿನ ಮೂರು ತಿಂಗಳ ರಿಜೆಕ್ಷನ್ (ಕೆಟ್ಟದ್ದೆಂದು ತಳ್ಳಿದ ಮಾಲು) ರಿಜಿಸ್ಟರ್ ತೆಗೆದು ಪಾರ್ಟುವಾರು, ದೋಷವಾರು ವಿಂಗಡಿಸಿ. ಸಾಮಾನ್ಯವಾಗಿ ಎರಡು-ಮೂರು ಪಾರ್ಟುಗಳ ತಲೆ ಮೇಲೇ ಬಹುಪಾಲು ನಷ್ಟ ಕೂತಿರುತ್ತದೆ. ಎರಡನೇ ದಿನ ಪಾಳಿಯುದ್ದಕ್ಕೂ ಗಂಟೆಗೊಮ್ಮೆ ಮರಳಿನ ತೇವ, ಕಾಂಪ್ಯಾಕ್ಟಬಿಲಿಟಿ (ಒತ್ತಿದಾಗ ಮರಳು ಎಷ್ಟು ಕುಗ್ಗುತ್ತದೆ ಎಂಬುದು), ಪರ್ಮಿಯಬಿಲಿಟಿ ಬರೆಯಿರಿ. ಬೆಳಿಗ್ಗೆ ಒಮ್ಮೆ ಪರೀಕ್ಷೆ ಮಾಡಿ ರಿಜಿಸ್ಟರ್ ಮುಚ್ಚಿಬಿಡುವ ಕಡೆ ಮಧ್ಯಾಹ್ನ ಮರಳು ಬಿಸಿಯಾಗಿ ತೇವ ಏರುಪೇರಾದದ್ದು ಯಾರ ಕಣ್ಣಿಗೂ ಬಿದ್ದಿರುವುದಿಲ್ಲ. ಮೂರನೇ ದಿನ ವರದಿ.

ಈಗ ದರ. ನಿಮ್ಮ ಪಗಾರ ತಿಂಗಳಿಗೆ 60,000 ಇತ್ತು ಎಂದಿಟ್ಟುಕೊಳ್ಳಿ, ವರ್ಷಕ್ಕೆ 7,20,000. ವಿಮೆ, ಪಿಎಫ್ ಬದಲಿನ ಉಳಿತಾಯ, ಓಡಾಟ, ಉಪಕರಣ, ಫೋನು ಸೇರಿ ಇನ್ನೊಂದು 2,40,000. ಒಟ್ಟು 9,60,000. ಇದನ್ನು 300 ದಿನಕ್ಕೆ ಭಾಗಿಸಿ 3,200 ಎಂದು ದರ ಹೇಳುವುದೇ ಎಲ್ಲರೂ ಮಾಡುವ ತಪ್ಪು. ಗಿರಾಕಿ ಹುಡುಕುವುದು, ಕೊಟೇಶನ್ ಬರೆಯುವುದು, ಬಿಲ್ಲಿನ ಹಿಂದೆ ಅಲೆಯುವುದು ಕಳೆದರೆ ಬಿಲ್ಲು ಹಾಕಲು ಸಿಗುವುದು ವರ್ಷಕ್ಕೆ 120 ದಿನ ಎಂದೇ ಹಿಡಿಯಿರಿ. ಆಗ ದಿನಕ್ಕೆ 8,000.

ಆದರೆ ಮಾಲಕರ ಮುಂದೆ ಈ ಲೆಕ್ಕ ಬಿಚ್ಚಬೇಡಿ. ಅಲ್ಲಿ ಅವರ ಲೆಕ್ಕ ಬೇಕು. ತಿಂಗಳಿಗೆ 100 ಟನ್ ಎರಕ, ರಿಜೆಕ್ಷನ್ 8% ಎಂದಿಟ್ಟುಕೊಳ್ಳಿ. ಕೆಟ್ಟ ಕಾಸ್ಟಿಂಗ್ (ಎರಕದ ತುಂಡು) ಮತ್ತೆ ಕರಗಿಸಬಹುದು, ಹಾಗಾಗಿ ಪೂರ್ತಿ ಬೆಲೆ ಹೋಯಿತು ಎಂದರೆ ಅವರು ನಕ್ಕಾರು. ಕರೆಂಟು, ಮರಳು, ಕೂಲಿ ಮಾತ್ರ ಸೇರಿಸಿ ಕಿಲೋಗೆ ಎಷ್ಟು ನಷ್ಟ ಎಂದು ಅವರ ಬಾಯಿಂದಲೇ ಹೇಳಿಸಿ. 25 ರೂಪಾಯಿ ಎಂದರೆ, 8ರಿಂದ 5%ಗೆ ಇಳಿದಾಗ 3,000 ಕಿಲೋ, ತಿಂಗಳಿಗೆ 75,000 ಉಳಿತಾಯ. ಅದರ ಪಕ್ಕದಲ್ಲಿ ನಿಮ್ಮ ಮೂರು ದಿನದ 24,000 ಇಡಿ.

‘ರಿಜೆಕ್ಷನ್ ಇಳಿದರ ಪರ್ಸೆಂಟೇಜ್ ಕೊಡ್ತೀವ್ರಿ’ ಎಂಬ ಮಾತಿಗೆ ಒಪ್ಪಬೇಡಿ ಎಂಬುದು ನಮ್ಮ ಸಲಹೆ. ಮರಳು ಕಲಸುವ ಮಿಕ್ಸರ್‌ನ ರಿಪೇರಿ ನಿಮ್ಮ ಕೈಯಲ್ಲಿಲ್ಲ, ಮರಳು ಕೊಳ್ಳುವುದೂ ಇಲ್ಲ. ಹಣ ಕೊಡುವ ಹೊತ್ತಿಗೆ ‘ರಿಜೆಕ್ಷನ್’ ಎಂಬುದರ ಅರ್ಥವೂ ಬದಲಾಗಿರುತ್ತದೆ.

ಗಿರಾಕಿಗಾಗಿ ಫೌಂಡ್ರಿಗಳ ಬಾಗಿಲಿಗಿಂತ ಮೊದಲು ಮಷೀನ್ ಶಾಪ್‌ಗಳ ಬಾಗಿಲು ತಟ್ಟಿ. ಯಾರ ಕಾಸ್ಟಿಂಗಿನಲ್ಲಿ ಟೂಲ್ ಮುರಿಯುತ್ತದೆ, ಅರ್ಧ ಕೆಲಸ ಆದ ಮೇಲೆ ಗುಳ್ಳೆ ಬೀಳುತ್ತದೆ ಎಂಬುದು ಅವರಿಗೆ ಬಾಯಿಪಾಠ. ‘ನಮ್ಮ ಸಪ್ಲಾಯರ್ ಹತ್ರ ಒಮ್ಮೆ ಹೋಗಿ ಬರ್ರಿ’ ಎಂದು ಅವರು ಕಳಿಸಿದರೆ ಫೌಂಡ್ರಿಯವರು ‘ನೋಡೂಣ್ರಿ’ ಅನ್ನುವುದಿಲ್ಲ. ಇನ್ನು ಹಳೇ ಕಂಪನಿಯ ಕರಾರಿನಲ್ಲಿ ‘ಬಿಟ್ಟ ಮೇಲೆ ಇದೇ ಕೆಲಸ ಮಾಡಬಾರದು’ ಎಂದಿದ್ದರೆ ಹೆದರಬೇಕಿಲ್ಲ. 1872ರ ಕರಾರು ಕಾಯ್ದೆಯ 27ನೇ ಸೆಕ್ಷನ್ ಪ್ರಕಾರ ಅಂಥ ಷರತ್ತು ಸಾಮಾನ್ಯವಾಗಿ ನಿಲ್ಲುವುದಿಲ್ಲ. ಗೋಪ್ಯತೆಯ ಷರತ್ತು ಮಾತ್ರ ನಿಲ್ಲುತ್ತದೆ. ಅಲ್ಲಿಯ ಡ್ರಾಯಿಂಗ್, ಪ್ರೊಸೆಸ್ ಶೀಟ್ ಪೆನ್‌ಡ್ರೈವಿನಲ್ಲಿದ್ದರೆ ಇವತ್ತೇ ಅಳಿಸಿ.

ಪ್ರಶ್ನೆ: ವಿಸಿಟಿಂಗ್ ಕಾರ್ಡಿನಲ್ಲಿ ‘ಮ್ಯಾನೇಜ್‌ಮೆಂಟ್ ಕನ್ಸಲ್ಟಂಟ್’ ಎಂದರೆ ಸಾಕೇ? – ಓದುಗ, ಬಾಗಲಕೋಟೆ

ಉತ್ತರ: ಸಾಲದು. ಅದನ್ನು ಓದಿದವನಿಗೆ ನಿಮ್ಮನ್ನು ಯಾವಾಗ ಕರೆಯಬೇಕು ಎಂದು ಗೊತ್ತಾಗುವುದಿಲ್ಲ. ಉದಾಹರಣೆಗೆ, ‘ಗ್ರಾನೈಟ್ ಘಟಕಗಳ ಸ್ಟಾಕ್ ಮತ್ತು ವೆಚ್ಚದ ಲೆಕ್ಕ’ ಎಂದು ಬರೆದರೆ ಇಳಕಲ್‌ನ ಗ್ರಾನೈಟ್ ಘಟಕದವರಿಗೆ ಗೊತ್ತಾಗುತ್ತದೆ.

ಪ್ರಶ್ನೆ: ಕೃಷಿ ಪದವಿ ಮುಗಿಸಿ ದ್ರಾಕ್ಷಿ ತೋಟಗಳಿಗೆ ಸಲಹೆ ಕೊಡುತ್ತಿದ್ದೇನೆ. ಎಕರೆಗೆ 2,000 ಶುಲ್ಕ. ತೋಟ ಹೆಚ್ಚಾದರೂ ಕೈಯಲ್ಲಿ ರೊಕ್ಕ ನಿಲ್ಲುತ್ತಿಲ್ಲ. ಔಷಧ ಅಂಗಡಿಯವರು ಕಮಿಷನ್ ಕೊಡುತ್ತೇವೆ ಎನ್ನುತ್ತಾರೆ, ತಗೊಳ್ಳಲೇ? – ಓದುಗ, ವಿಜಯಪುರ

ಉತ್ತರ: ನಿಮ್ಮ ಗಳಿಕೆ ತೋಟಗಳ ಸಂಖ್ಯೆಯಲ್ಲಿಲ್ಲ, ದಾರಿಯಲ್ಲಿದೆ. ತಿಕೋಟಾ-ಬಬಲೇಶ್ವರ ಕಡೆ ಹತ್ತಿರ ಹತ್ತಿರ 12 ತೋಟ, ತಲಾ 5 ಎಕರೆ ಇದ್ದರೆ ಹಂಗಾಮಿಗೆ 1,20,000. ದಿನಕ್ಕೆ ಆರು ತೋಟದಂತೆ ಎರಡು ದಿನದ ಸುತ್ತು, ಹಂಗಾಮಿನ ಎಂಟು ಸುತ್ತಿಗೆ 16 ದಿನ. ದಿನಕ್ಕೆ 7,500 ಬಿತ್ತು. ಅದೇ ಇಂಡಿ ಕಡೆ ಒಂಟಿ ತೋಟ 5 ಎಕರೆಯದು ಒಪ್ಪಿಕೊಂಡರೆ ಎಂಟು ದಿನಕ್ಕೆ 10,000, ದಿನಕ್ಕೆ 1,250, ಪೆಟ್ರೋಲು ಅದರಲ್ಲೇ. ಒಂಟಿ ತೋಟದವರಿಗೆ ‘ಅಕ್ಕಪಕ್ಕದ ನಾಲ್ಕು ಮಂದಿ ಕೂಡಿಸ್ರಿ, ಇದೇ ದರಕ್ಕೆ ಬರ್ತೀನಿ’ ಎನ್ನಿ, ಇಲ್ಲವಾದರೆ ಪ್ರತಿ ಭೇಟಿಗೆ ಬೇರೆ ದರ ಹೇಳಿ.

ಭೇಟಿಗಳನ್ನು ತಾರೀಖಿಗಲ್ಲ, ಚಾಟ್ನಿಯ (ಬಳ್ಳಿಯ ಕಡ್ಡಿ ಕತ್ತರಿಸುವ) ದಿನಕ್ಕೆ ಕಟ್ಟಿ. ಏಪ್ರಿಲ್ ಚಾಟ್ನಿಯಾದ 45ನೇ ದಿನದ ಸುಮಾರಿಗೆ ಐದನೇ ಎಲೆಯ ತೊಟ್ಟು ಆರಿಸಿ ಪರೀಕ್ಷೆಗೆ ಕಳಿಸುವ ಭೇಟಿ ತಪ್ಪಬಾರದು. ಮುಂದಿನ ಗೊನೆ ಕಡ್ಡಿಯೊಳಗೆ ತೀರ್ಮಾನವಾಗುವುದೇ ಆಗ. ಅಕ್ಟೋಬರ್ ಚಾಟ್ನಿಯ ಮೇಲೆ ಚಿಗುರಿನಿಂದ ಹೂವಿನವರೆಗೆ ಡೌನಿ ಎಂಬ ಬೂಜು ರೋಗದ ಭಯ. ಆ ಹೊತ್ತಿಗೆ ಅಕಾಲ ಮಳೆ ಬಂದರೆ ಹನ್ನೆರಡೂ ತೋಟದವರು ಒಂದೇ ದಿನ ಕರೆಯುತ್ತಾರೆ. ಹೆಚ್ಚುವರಿ ಭೇಟಿ ಎಷ್ಟು, ಅದಕ್ಕೆ ಎಷ್ಟು ಎಂಬುದು ಕರಾರಿನ ಚೀಟಿಯಲ್ಲಿರಲಿ.

ಹಣ ಅರ್ಧ ಅಕ್ಟೋಬರ್ ಚಾಟ್ನಿಗೆ ಮೊದಲು, ಉಳಿದದ್ದು ಕಟಾವಿಗೆ ಮೊದಲು. ‘ಒಣದ್ರಾಕ್ಷಿ ಮಾರಿದ ಮ್ಯಾಲೆ’ ಎಂದು ಒಪ್ಪಿಕೊಂಡಿರೋ, ಕೋಲ್ಡ್ ಸ್ಟೋರೇಜಿನಲ್ಲಿ ಮಾಲಿನ ಜೊತೆ ನಿಮ್ಮ ಶುಲ್ಕವೂ ಕೂತಿರುತ್ತದೆ.

ಕಮಿಷನ್ ಬೇಡ. ಒಂದು ಹೆಚ್ಚಿನ ಸಿಂಪಡಣೆ ಬರೆದ ದಿನವೇ ರೈತ ಅಂಗಡಿಯ ಬಿಲ್ಲು ನೋಡಿ ಲೆಕ್ಕ ಹಾಕುತ್ತಾನೆ. ಚೀಟಿಯಲ್ಲಿ ಬ್ರ್ಯಾಂಡಿನ ಹೆಸರಲ್ಲ, ಔಷಧದ ತಾಂತ್ರಿಕ ಹೆಸರು, ಲೀಟರಿಗೆ ಪ್ರಮಾಣ, ಕಟಾವಿಗೆ ಎಷ್ಟು ದಿನ ಮುಂಚೆ ನಿಲ್ಲಿಸಬೇಕು ಎಂದು ಬರೆಯಿರಿ. ಎಲ್ಲಿ ಕೊಳ್ಳುವುದು ಅವರಿಷ್ಟ.

ಪ್ರಶ್ನೆ: ಕಾರ್ಖಾನೆಗಳಿಗೆ ನೀರು ಶುದ್ಧೀಕರಣದ ಸಲಹೆ ನನ್ನ ಕೆಲಸ. ಒಂದು ಬಿಲ್ಲು ನಾಲ್ಕು ತಿಂಗಳಿಂದ ಬಾಕಿ. ಜಗಳ ಮಾಡಿದರೆ ಮುಂದಿನ ಕೆಲಸ ಹೋಗುತ್ತದೆ. – ಓದುಗ, ಜಮಖಂಡಿ

ಉತ್ತರ: ಜಗಳಕ್ಕೆ ಮೊದಲು ಅಕೌಂಟ್ಸ್ ವಿಭಾಗದ ಗುಮಾಸ್ತರಿಗೆ ಫೋನ್ ಮಾಡಿ, ಬಿಲ್ಲು ಯಾರ ಮೇಜಿನ ಮೇಲಿದೆ ಎಂದು ಕೇಳಿ. ಪಿಒ (ಖರೀದಿ ಆದೇಶ) ನಂಬರ್ ಬರೆದಿಲ್ಲ, ಕೆಲಸ ಮುಗಿದದ್ದಕ್ಕೆ ಪ್ಲಾಂಟಿನವರ ಸಹಿ ಇಲ್ಲ ಎಂಬ ಸಣ್ಣ ಕಾರಣಕ್ಕೇ ಎಷ್ಟೋ ಬಿಲ್ಲು ಮಲಗಿರುತ್ತವೆ.

ನೀವು ಉದ್ಯಮ್ (ಸಣ್ಣ ಉದ್ಯಮಗಳ ಸರ್ಕಾರಿ) ನೋಂದಣಿ ಮಾಡಿಸಿದ್ದೀರಾ? ಸರ್ಕಾರಿ ಪೋರ್ಟಲ್‌ನಲ್ಲಿ ಅದು ಉಚಿತ. ದುಡ್ಡು ಕೇಳುವವರು ದಲ್ಲಾಳಿಗಳು. 2006ರ ಎಂಎಸ್‌ಎಂಇ (ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮ) ಅಭಿವೃದ್ಧಿ ಕಾಯ್ದೆಯಂತೆ ಲಿಖಿತ ಕರಾರು ಇಲ್ಲದಿದ್ದರೆ 15 ದಿನದಲ್ಲಿ, ಇದ್ದರೂ 45 ದಿನ ಮೀರದಂತೆ ಹಣ ಕೊಡಬೇಕು. ತಪ್ಪಿದರೆ ರಿಸರ್ವ್ ಬ್ಯಾಂಕ್ ಗೊತ್ತುಮಾಡಿದ ‘ಬ್ಯಾಂಕ್ ದರ’ದ ಮೂರು ಪಟ್ಟು ಚಕ್ರಬಡ್ಡಿ. ಆದರೆ ಕೆಲಸ ಮಾಡುವ ಮೊದಲೇ ನೋಂದಣಿ ಆಗಿರುವುದು ಒಳ್ಳೆಯದು, ಬಾಕಿ ಬಿದ್ದ ಮೇಲೆ ಮಾಡಿಸಿದರೆ ಆ ಬಿಲ್ಲಿಗೆ ಆಧಾರ ಸಿಗುವುದು ಕಷ್ಟ. ಇದಕ್ಕಿಂತ ಚುರುಕಾಗಿ ಕೆಲಸ ಮಾಡುವುದು ಆದಾಯ ತೆರಿಗೆಯ ನಿಯಮ: 2023-24ರ ಲೆಕ್ಕದಿಂದ, ಸೂಕ್ಷ್ಮ ಮತ್ತು ಸಣ್ಣ ಉದ್ಯಮಕ್ಕೆ ಗಡುವಿನೊಳಗೆ ಕೊಡದ ಹಣವನ್ನು ಗಿರಾಕಿ ನಿಜವಾಗಿ ಕೊಟ್ಟ ವರ್ಷದಲ್ಲಿ ಮಾತ್ರ ತನ್ನ ಖರ್ಚು ಎಂದು ತೋರಿಸಬಹುದು; ಮಾರ್ಚ್ ಕೊನೆಗೂ ಕೊಡದಿದ್ದರೆ ಆ ವರ್ಷ ಅವರಿಗೇ ತೆರಿಗೆ ಹೆಚ್ಚು. ಮಾರ್ಚ್ ಮೊದಲ ವಾರ ಉದ್ಯಮ್ ನಂಬರ್ ಹಾಕಿದ ನೆನಪೋಲೆ ಕಳಿಸಿ, ಒಂದು ಪ್ರತಿ ಅವರ ಆಡಿಟರಿಗೆ. ಜಗಳವಿಲ್ಲದೆ ಆಡಿಟರೇ ನಿಮ್ಮ ಪರ ಮಾತಾಡುತ್ತಾರೆ. ಅದಕ್ಕೂ ಜಗ್ಗದಿದ್ದರೆ ಬಾಕಿ ಹಣದ ದೂರಿಗಾಗಿ ಇರುವ ಎಂಎಸ್‌ಎಂಇ ಸಚಿವಾಲಯದ ಪೋರ್ಟಲ್‌ನಲ್ಲಿ ದೂರು.

ಮುಂದಿನ ಕೆಲಸಕ್ಕೆ 40% ಮುಂಗಡ, 40% ಸ್ಯಾಂಪಲ್ ಪರೀಕ್ಷೆ ಮುಗಿದಾಗ, 20% ವರದಿ ಕೊಡುವಾಗ ಎಂದು ಬರೆದುಕೊಳ್ಳಿ. ಬಂದ ಹಣದಲ್ಲಿ ಟಿಡಿಎಸ್ (ಹಣ ಕೊಡುವವರೇ ಮುರಿದುಕೊಳ್ಳುವ ಆದಾಯ ತೆರಿಗೆ) ಕಡಿತವಾಗಿದ್ದರೆ ಅದು ನಿಮ್ಮ ಪ್ಯಾನ್‌ಗೆ ಜಮಾ ಆಗಿದೆಯೇ ಎಂದು ಆದಾಯ ತೆರಿಗೆ ಪೋರ್ಟಲ್‌ನಲ್ಲಿ ಮೂರು ತಿಂಗಳಿಗೊಮ್ಮೆ ನೋಡುತ್ತಿರಿ. ಸೇವೆಯ ವಹಿವಾಟು ವರ್ಷಕ್ಕೆ 20 ಲಕ್ಷ ದಾಟುವಂತಿದ್ದರೆ ಜಿಎಸ್‌ಟಿ ನೋಂದಣಿ ಬೇಕು. ಕೊಟೇಶನ್ನಿನಲ್ಲಿ ‘ಜಿಎಸ್‌ಟಿ ಪ್ರತ್ಯೇಕ’ ಎಂದು ಬರೆಯಲು ಮರೆತರೆ ಆ 18% ನಿಮ್ಮ ಕಿಸೆಯಿಂದ ಹೋಗುತ್ತದೆ.